ಕಿಟಕಿ ಕಡೆಯ ಸಾಲು

"ಯಾವ ಶಾವಿಗೆ ಕೊಡ್ಲಿ ಮೇಡಂ, ದಪ್ಪದ್ದೋ ಸಣ್ಣದ್ದೋ?" ಎಂದು ಅಂಗಡಿಯ ಅಜ್ಜಿ ಕೇಳಿದಾಗ ನೆರಿಸ್ ಮಡಚಿದ ಛತ್ರಿಯನ್ನು ಗೋಡೆಗೆ ಒರಗಿಸುವುದನ್ನು ಮರೆತು ಹಾಗೆಯೇ ನಿಂತಳು. ಇಷ್ಟು ವರ್ಷಗಳಲ್ಲಿ ಈ ಮುದುಕಿ ಅವಳನ್ನು ಏನನ್ನೂ ಕೇಳಿದ್ದಿಲ್ಲ. ನದಿಯ ದಂಡೆಯ ಹಿಂದಿನ ಈ ಓಣಿಯ ತಿರುವಿನಲ್ಲಿ ಅವಳ ಕೆಂಗೂದಲು ಕಂಡದ್ದೇ ತಡ, ಸಣ್ಣ ಅಕ್ಕಿ ಶಾವಿಗೆ ಕುದಿನೀರಿಗೆ ಇಳಿಯುತ್ತಿತ್ತು. "ಬಂದ್ಳು ನಮ್ ಕೆಂಪಿ! ಏ ರುಯಿ, ಇನ್ನೊಂದ್ ಚಮಚ ಖಾರ ಸುರಿಯೇ ಅದಕ್ಕೆ, ಬೆಳಬೆಳಗ್ಗೆ ಕಣ್ಣೀರು ಹಾಕ್ಲಿ" ಎಂದು ಅಜ್ಜಿ ಕೂಗುತ್ತಿದ್ದಳು. ಮೊಮ್ಮಗಳು ರುಯಿ ಬಟ್ಟಲನ್ನು ತಂದು ಮೇಜಿನ ಮೇಲೆ ಕುಕ್ಕಿ, "ಉಪ್ಪಿನ ಮೂಲಂಗಿ ಜಾಸ್ತಿ ಹಾಕ್ಕೋಬೇಡಿ, ಮೊನ್ನೆ ತಾನೇ ಹೊಟ್ಟೆ ಕೆಡಿಸ್ಕೊಂಡಿದ್ರಿ" ಎಂದು ತಮ್ಮ ಊರ ಮಾತಿನಲ್ಲೇ ಗದರುತ್ತಿದ್ದಳು. ನೆರಿಸ್ ಇಂಗ್ಲಿಷ್ ಕಲಿಸುವ ಶಾಲೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುವ ಅದೇ ರುಯಿ. ಇವತ್ತು ಬಟ್ಟಲನ್ನು ಅಜ್ಜಿಯೇ ಎರಡೂ ಕೈಯಲ್ಲಿ ಹಿಡಿದು ತಂದು ಮೆತ್ತಗೆ ಇಟ್ಟಳು. "ರುಯಿ ಎಲ್ಲಿ ಅಜ್ಜಿ?" "ಬೇಗ ಹೋದ್ಳು." "ತಿಂಡಿ ತಿಂದ್ಕೊಂಡು ಹೋದ್ಳಾ?" ಅಜ್ಜಿ ಒಲೆಯ ಕಡೆ ತಿರುಗಿ ಹಬೆಯೊಳಗಿಂದಲೇ "ನಿಧಾನವಾಗಿ ತಿನ್ನಿ ಮೇಡಂ" ಎಂದಳು. ಮೇಡಂ! ಸಾರಿನಲ್ಲಿ ಚಕ್ರಮೊಗ್ಗು ತೇಲುತ್ತಿತ್ತು, ಮಾಂಸದ ತುಂಡು ಎಂದಿಗಿಂತ ಎರಡು ಜಾಸ್ತಿಯೇ ಇದ್ದವು, ಖಾರ ಮಾತ್ರ ಇರಲಿಲ್ಲ. ಅವಳಾಗಿ ಕೇಳಿ ಹಾಕಿಸಿಕೊಳ್ಳಬಹುದಿತ್ತು. ಕೇಳದೆ ಹಾಗೆಯೇ ತಿಂದು ಎದ್ದಳು.

ನಿನ್ನೆ ಅವಳು ಮಾಡಿದ್ದಾದರೂ ಏನು? ಕೈ ಎತ್ತಿದ ಮಗುವನ್ನು ಎಬ್ಬಿಸಿ ಮಾತಾಡಲು ಹೇಳಿದಳು. ಅದಕ್ಕಲ್ಲವೇ ಟೀಚರ್ ಇರುವುದು? ಪ್ರದರ್ಶನ ಪಾಠ ಅದು. ಜಿಲ್ಲಾ ಶಿಕ್ಷಣ ಕಚೇರಿಯವರು ಕ್ಲಾಸಿನ ಹಿಂದೆ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ, ತೊಡೆಯ ಮೇಲೆ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಪಾಠ ಮಾಡುವವಳು ನೆರಿಸ್, ಕ್ಲಾಸು ಮಾತ್ರ ಫಾಂಗ್ ಮಿನ್‌ಳದು; ಪಾಠ ಕಳೆಗಟ್ಟಿದರೆ ಕ್ಲಾಸ್ ಟೀಚರ್ ಫಾಂಗ್ ಮಿನ್‌ಗೆ ಹಿರಿಯ ಶ್ರೇಣಿ, ವರ್ಷವರ್ಷವೂ ಅವಳ ತಲೆಯ ಮೇಲಿಂದ ಹಾರಿ ಬೇರೆ ಯಾರಿಗೋ ಹೋಗುತ್ತಿದ್ದ ಬಡ್ತಿ. "ನೆರಿಸಕ್ಕ, ಕಿಟಕಿ ಕಡೆ ಸಾಲಿನವರನ್ನೇ ಕೇಳಿ ಆಯ್ತಾ, ಆ ಕಡೆ ಬೆಳಕು ಚೆನ್ನಾಗಿದೆ, ಕ್ಯಾಮೆರಾದಲ್ಲಿ ಮುಖ ಸರಿಯಾಗಿ ಬರತ್ತೆ" ಎಂದು ಫಾಂಗ್ ಮಿನ್ ಅವಳ ಕಾಲರು ಸರಿಮಾಡುತ್ತ ಹೇಳಿದ್ದಳು. ಹೂಂ ಎಂದಿದ್ದಳು ನೆರಿಸ್. ಆಮೇಲೆ, ಬೆಳಗ್ಗೆ ನಿಮ್ಮನ್ನು ಎಬ್ಬಿಸುವ ವಾಸನೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದ್ದಳು. ಕೇಳಿದ್ದೇ ತಡ, ಇಡೀ ಕ್ಲಾಸಿನ ಕೈಗಳು ಮೇಲೆದ್ದವು. ಎಂದೂ ಕಾಣದ ಕೈಗಳ ಕಾಡು, ಅದರ ಕೊನೆಯಲ್ಲಿ, ಪೊರಕೆ ಇಡುವ ಕಪಾಟಿನ ಪಕ್ಕದಲ್ಲಿ, ರುಯಿಯ ಕೈ. ನೆರಿಸ್ ಅದನ್ನೇ ನೋಡಿ ನಕ್ಕಳು. ಆ ಪ್ರಶ್ನೆಯನ್ನು ಅವಳು ರುಯಿಗೆಂದೇ ಹೊಸೆದು ತಂದಿದ್ದಳು. ಎಷ್ಟೋ ಬೆಳಗ್ಗೆ ಇದೇ ಮೇಜಿನ ಮೇಲೆ ಎಲುಬು, ಶುಂಠಿ, ಚಕ್ರಮೊಗ್ಗು ಎಂದು ಇಬ್ಬರೂ ಇಂಗ್ಲಿಷಿನಲ್ಲಿ ಆಡಿಕೊಂಡಿದ್ದರು. ಕಿಟಕಿ, ಬೆಳಕು, ಕ್ಯಾಮೆರಾ ಎಲ್ಲ ಮರೆತುಹೋಯಿತು. "ರುಯಿ!" ಎಂದಳು. ರುಯಿ ಎದ್ದು ನಿಂತು ಅವಳನ್ನೇ ನೋಡಿದಳು. ಬರೀ ನೋಡಿದಳು. ನೆರಿಸ್ ಕಾದಳು, ಕಾಯುವುದರಲ್ಲಿ ಅವಳಿಗೆ ಹೆಮ್ಮೆ, ಮಗುವಿಗೆ ಮೌನವನ್ನು ಕೊಡಿ ಎಂದು ಬೇರೆ ಟೀಚರುಗಳಿಗೆ ಭಾಷಣ ಬಿಗಿದವಳು. ಕಾದಷ್ಟೂ ರುಯಿಯ ಕುತ್ತಿಗೆ ಕೆಂಪಾಯಿತು. ಆಗ, ಅಯ್ಯೋ ಆಗಲಾದರೂ ಸುಮ್ಮನಿರಬಾರದಿತ್ತೇ, "ಹೇಳು ಮಗು, ನಿಮ್ಮಜ್ಜಿ ಶಾವಿಗೆ ಅಂಗಡೀಲಿ ಪಾತ್ರೆಗೆ ಮೊದಲು ಏನು ಹಾಕ್ತಾರೆ? ಎಲುಬು, ಅಲ್ವಾ?" ಎಂದು ಸಹಾಯಕ್ಕೆ ಹೋದಳು. ಯಾರೋ ಕಿಸಕ್ಕೆಂದರು. ರುಯಿಯ ಗಲ್ಲದಿಂದ ನೀರು ಸಮವಸ್ತ್ರದ ಮೇಲೆ ಬಿತ್ತು. ಹಿಂದೆ ಕೂತಿದ್ದ ಅಧಿಕಾರಿಯೊಬ್ಬ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಮುಚ್ಚಿದ, ಆ ಸದ್ದು ಎಲ್ಲರಿಗೂ ಕೇಳಿಸಿತು.

ತಿಂಡಿ ಮುಗಿಸಿ ಶಾಲೆಗೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಸೊಪ್ಪಿನ ಚೀಲವನ್ನು ಕಾಲಿನ ನಡುವೆ ಸಿಕ್ಕಿಸಿಕೊಂಡು ಅವಳನ್ನೇ ನೋಡುತ್ತಿದ್ದಳು. "ಚೀಲ ಈ ಕಡೆ ಇಡಿ, ಪರವಾಗಿಲ್ಲ" ಎಂದಳು ನೆರಿಸ್. ಹೆಂಗಸಿನ ಮುಖ ಅರಳಿತು. ಒಂದೊಂದೇ ಪದವನ್ನು ಬಿಡಿಸಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, "ನೀವು ನಮ್ಮ ಭಾಷೆಯನ್ನು ತುಂಬಾ ಚೆನ್ನಾಗಿ ಮಾತನಾಡುತ್ತೀರಿ!" ಎಂದಳು. "ಎಲ್ಲಿ ಬಂತು, ಇನ್ನೂ ಕಲಿಯೋದು ಬೇಕಾದಷ್ಟಿದೆ" ಎಂದು ನೆರಿಸ್‌ಳ ಬಾಯಿ ತಾನಾಗಿಯೇ ಒಪ್ಪಿಸಿತು. ಟ್ಯಾಕ್ಸಿಯವನು, ಬ್ಯಾಂಕಿನವಳು, ಲಿಫ್ಟಿನಲ್ಲಿ ಸಿಕ್ಕವರು, ಎಲ್ಲರೂ ಹೇಳುವುದು ಅದನ್ನೇ. ಅದಕ್ಕೆ ಕೊಡುವ ಉತ್ತರವೂ ಅದೇ. ಈ ಹೊಗಳಿಕೆಯ ಒಳಗೇನಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಹುಟ್ಟಿ ಬೆಳೆದ ವೇಲ್ಸಿನಲ್ಲಿ ಅಮ್ಮನ ಅಂಗಡಿಗೆ ಹೊಸದಾಗಿ ಬಂದ ಇಂಗ್ಲಿಷರ ಮಾಸ್ತರನೊಬ್ಬ ಅಲ್ಲಿನ ವೆಲ್ಷ್ ಭಾಷೆ ಕಲಿತು, ಮೊಟ್ಟೆ ಬೇಕು ಎಂದು ಬೆವರುತ್ತ ಕೇಳಿದಾಗ ಅಮ್ಮ, ಅಬ್ಬಾ ಎಷ್ಟು ಚೆನ್ನಾಗಿ ಮಾತಾಡ್ತೀರಿ ಎಂದು ಹೊಗಳಿ, ಅವನು ಬಾಗಿಲು ದಾಟಿದ ಮೇಲೆ ಅಲ್ಲಿಯವರೆಗೆ ನುಂಗಿಕೊಂಡಿದ್ದ ಊರ ಸುದ್ದಿಯನ್ನು ಮುಂದುವರಿಸುತ್ತಿದ್ದಳು. ಒಳಗಿನವರಿಗೆ ಯಾರೂ ಹಾಗೆ ಹೇಳುವುದಿಲ್ಲ. ಫಾಂಗ್ ಮಿನ್, ನೆರಿಸ್ ಬಂದ ಎರಡನೆಯ ಚಳಿಗಾಲದಲ್ಲೇ ಅದನ್ನು ಹೇಳುವುದು ಬಿಟ್ಟಿದ್ದಳು, ಅದರ ಬದಲು ಅವಳ ಉಚ್ಚಾರವನ್ನು ಅಣಕಿಸಿ ನಗುತ್ತಿದ್ದಳು, ಮೊದಲ ಸಲ ಹಾಗೆ ನಕ್ಕ ದಿನ ರಾತ್ರಿ ನೆರಿಸ್ ಸಂತೋಷಕ್ಕೆ ಒಬ್ಬಳೇ ಕುಣಿದಿದ್ದಳು. ರುಯಿಯಂತೂ ಮೊದಲ ದಿನದಿಂದಲೂ ಒಂದು ಸಲವೂ ಹಾಗೆ ಅಂದವಳಲ್ಲ. "ಹಾಗಲ್ಲ ಮೇಡಂ, ನೀವಂದಿದ್ದು ಟಿವಿಯವರ ಮಾತು. ನಾವು ಹಿಂಗಂತೀವಿ" ಎಂದು ತಿದ್ದಿದವಳು ಆ ಮಗು. ಇಳಿಯುವ ಸ್ಟಾಪ್ ಬಂದಾಗ ಹೆಂಗಸು ಸೊಪ್ಪಿನ ಚೀಲವನ್ನು ಎತ್ತಿ ಅವಳಿಗೆ ದಾರಿ ಮಾಡಿಕೊಟ್ಟಳು.

ಸ್ಟಾಫ್ ರೂಮಿನ ಹೊರಗೆ ಬಿಸಿನೀರಿನ ಬಾಯ್ಲರ್ ಇದೆ. ಮೊದಲ ಪೀರಿಯಡ್ ಮುಗಿದ ಮೇಲೆ ನೆರಿಸ್ ಲೋಟಕ್ಕೆ ನೀರು ಹಿಡಿಯುತ್ತಿದ್ದಾಗ ಒಳಗಿಂದ ಫಾಂಗ್ ಮಿನ್‌ಳ ದನಿ ಕೇಳಿಸಿತು. ಕ್ಲಾಸ್ ಲೀಡರ್ ಹುಡುಗಿಯನ್ನು ನಿಲ್ಲಿಸಿಕೊಂಡು ವಿಚಾರಣೆ ನಡೆಸಿದ್ದಳು. "ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ರುಯಿ ಎತ್ತಿದ್ದು ಯಾವ ಕೈ?" "ಎಡಗೈ ಮೇಡಂ. ನಾನೇ ನೋಡಿದೆ." "ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ, ಅಂತ ನಾನು ಎಲ್ಲರಿಗೂ ಹೇಳಿದ್ನೋ ಇಲ್ವೋ?" "ಹೇಳಿದ್ರಿ ಮೇಡಂ. ಮೂರು ಸಲ ಪ್ರಾಕ್ಟೀಸೂ ಮಾಡ್ಸಿದ್ರಿ." "ಹಾಗಾದ್ರೆ ಅವಳ ತಪ್ಪೇನೂ ಇಲ್ಲ. ಹೋಗು." ಲೋಟ ತುಂಬಿ ಬಿಸಿನೀರು ನೆರಿಸ್‌ಳ ಬೆರಳುಗಳ ಮೇಲೆ ಹರಿಯಿತು. ಸುಟ್ಟದ್ದು ಸ್ವಲ್ಪ ತಡವಾಗಿ ತಿಳಿಯಿತು. ಎಡಗೈ. ಆ ಕೈಗಳ ಕಾಡಿನಲ್ಲಿ ಎಡ ಯಾವುದು ಬಲ ಯಾವುದು ಎಂದು ಅವಳು ನೋಡಿದ್ದಳೇ? ನನ್ನ ಪಾಠಕ್ಕೆ, ನನ್ನ ಪ್ರಶ್ನೆಗೆ, ನನ್ನ ಮೇಲಿನ ಪ್ರೀತಿಗೆ ಎದ್ದ ಕೈಗಳು ಎಂದುಕೊಂಡು ಬೀಗಿದ್ದಳು. ಮಕ್ಕಳಿಗೆಲ್ಲ ಗೊತ್ತು. ಪ್ರಿನ್ಸಿಪಾಲರಿಗೆ ಗೊತ್ತು. ಹಿಂದೆ ಫ್ಲಾಸ್ಕ್ ಹಿಡಿದು ಕೂತವರು ತಮ್ಮ ಕಾಲದಲ್ಲಿ ಇದನ್ನೇ ಮಾಡಿಸಿದವರು, ಅವರಿಗೂ ಗೊತ್ತು. ಆ ಕೋಣೆಯಲ್ಲಿ ಕಿವಿಯ ಮೇಲೆ ಹೂವಿಟ್ಟುಕೊಂಡು ನಿಂತಿದ್ದವಳು ಒಬ್ಬಳೇ, ಅದೂ ಎಲ್ಲರ ಮುಂದೆ, ಕರಿಹಲಗೆಯ ಬಳಿ. ಕ್ಲಾಸ್ ಲೀಡರ್ ಹುಡುಗಿ ಹೊರಗೆ ಬಂದು ಅವಳನ್ನು ಕಂಡು ತಲೆಬಾಗಿ ನಮಸ್ಕಾರ ಹೇಳಿ ಓಡಿದಳು.

ಮಧ್ಯಾಹ್ನ ಊಟವಾದ ಮೇಲೆ ಇಡೀ ಶಾಲೆ ಮಲಗುವ ಹೊತ್ತು. ಪರದೆ ಎಳೆದ ಸ್ಟಾಫ್ ರೂಮಿನಲ್ಲಿ ಕೆಲವರು ಮಡಚುವ ಮಂಚದ ಮೇಲೆ, ಕೆಲವರು ಮೇಜಿನ ಮೇಲೇ ತಲೆಯಿಟ್ಟು ಮಲಗಿದ್ದರು, ಯಾರೋ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಹಾಗಾಗಿ ಅವರ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಬೇಕಾಯಿತು. "ನನಗ್ಯಾಕೆ ಹೇಳ್ಲಿಲ್ಲ?" ಎಂದಳು ನೆರಿಸ್. ಏನನ್ನು ಎಂದು ಫಾಂಗ್ ಮಿನ್ ಕೇಳಲಿಲ್ಲ. ದಿಂಬಿನ ಅಚ್ಚು ಬಿದ್ದ ಕೆನ್ನೆಯನ್ನು ಉಜ್ಜಿಕೊಳ್ಳುತ್ತ, "ಹೇಳಿದ್ರೆ ಒಪ್ತಿದ್ರಾ? ಮಕ್ಕಳಿಗೆ ಮೋಸ ಕಲಿಸ್ತೀರಿ ಅಂತ ನನಗೇ ಪಾಠ ಮಾಡ್ತಿದ್ರಿ" ಎಂದಳು. "ಒಪ್ತಿರ್ಲಿಲ್ಲ." "ಮತ್ತೆ? ಕಿಟಕಿ ಕಡೆ ಕೇಳಿ ಅಂದೆ. ಅಷ್ಟು ಮಾತ್ರ ಕೇಳ್ಕೊಂಡೆ ನಿಮ್ಮನ್ನ. ಗೊತ್ತಿದ್ದವರನ್ನೆಲ್ಲ ಅಲ್ಲೇ ಕೂರ್ಸಿದ್ದೆ. ಅದೊಂದು ನಡೆಸ್ಕೊಡೋಕಾಗ್ಲಿಲ್ಲ ನಿಮಗೆ." "ಬೆಳಕು ಚೆನ್ನಾಗಿದೆ ಅಂದೆ ನೀನು!" "ಊಂ, ಅಂದೆ." "ಸುಳ್ಳು ಹೇಳ್ದೆ." "ಸುಳ್ಳಲ್ಲ ಅಕ್ಕ, ಬೆಳಕು ನಿಜವಾಗ್ಲೂ ಚೆನ್ನಾಗಿತ್ತು" ಎಂದು ಫಾಂಗ್ ಮಿನ್ ನಗಲು ನೋಡಿದಳು, ಆ ನಗು ಅರ್ಧಕ್ಕೇ ಮುರಿದು ಅವಳ ಕಣ್ಣು ತುಂಬಿಕೊಂಡಿತು. "ಬೆಳಗ್ಗೆ ಪ್ರಿನ್ಸಿಪಾಲ್ ಕರೆದಿದ್ರು. ಈ ವರ್ಷ ಬಡ್ತಿ ಆಸೆ ಬಿಡಿ ಅಂದ್ರು. ಮುಂದಿನ ವರ್ಷ ನನ್ನ ವಯಸ್ಸು ದಾಟತ್ತೆ. ಆ ಕೈಗಳಲ್ಲಿ ನೀವು ಆರಿಸಿದ್ದು ಅದೊಂದನ್ನೇ. ಯಾಕೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? 'ನಾನು ಬಾಯಿ ಬಿಡಿಸಿದ ಮೂಗಿ ಇವಳು, ಎಲ್ಲರೂ ನೋಡ್ಲಿ' ಅಂತ ನಿಮಗೆ." ಮೂಲೆಯ ಮಂಚದಲ್ಲಿ ಯಾರೋ ಮಗ್ಗುಲಾದರು, ಇಬ್ಬರೂ ಉಸಿರು ಹಿಡಿದು ಕೂತರು. ಗೊರಕೆ ನಿಂತಿತ್ತು. ಎಲ್ಲರೂ ಎಚ್ಚರವಾಗಿದ್ದಾರೆ, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನೆರಿಸ್‌ಗೆ ಗೊತ್ತಾಯಿತು. ಮೋಸ ಹೋದವಳು ತಾನು, ಹಾಗಿದ್ದೂ ತಲೆ ತಗ್ಗಿಸಿ ಕೂತವಳೂ ತಾನೇ ಆಗಿರುವುದು ಯಾವ ನ್ಯಾಯ? ಔತಣಗಳಲ್ಲಿ ತನ್ನನ್ನು ಬಾಗಿಲಿಗೆ ಮುಖಮಾಡಿದ ಗೌರವದ ಕುರ್ಚಿಯಲ್ಲೇ ಏಕೆ ಕೂರಿಸುತ್ತಾರೆ, ಅತಿಥಿಯೆಂದು ಮೀನಿನ ತಲೆಯನ್ನು ತನ್ನ ಕಡೆಗೇ ಏಕೆ ತಿರುಗಿಸುತ್ತಾರೆ ಎಂದು ಮೊದಲ ಸಲ ಸಿಟ್ಟಿನಿಂದ ಯೋಚಿಸಿದಳು. ಫಾಂಗ್ ಮಿನ್ ಡ್ರಾಯರಿನಿಂದ ಸುಟ್ಟಗಾಯದ ಮುಲಾಮು ತೆಗೆದು ಅವಳ ಮುಂದಿಟ್ಟು, ಮತ್ತೆ ಮೇಜಿನ ಮೇಲೆ ತಲೆಯಿಟ್ಟು ಮಲಗಿದಳು. ಬೆರಳು ಕೆಂಪಾಗಿದ್ದುದನ್ನು ಅವಳು ಯಾವಾಗಲೋ ನೋಡಿಬಿಟ್ಟಿದ್ದಳು.

ಕೊನೆಯ ಪೀರಿಯಡ್ಡು ಅದೇ ಕ್ಲಾಸಿಗೆ. ನೆರಿಸ್ ಒಳಗೆ ಬಂದಾಗ ಎಲ್ಲರೂ ಎದ್ದು ಒಂದೇ ದನಿಯಲ್ಲಿ ನಮಸ್ಕಾರ ಹೇಳಿ ಕೂತರು. ಇವತ್ತು ಸ್ಟೂಲುಗಳಿಲ್ಲ, ಕ್ಯಾಮೆರಾ ಇಲ್ಲ. ಸುಲಭದ ಪ್ರಶ್ನೆಯೊಂದನ್ನು ಕೇಳಿದಳು. ಕಿಟಕಿ ಕಡೆಯಿಂದ ಎರಡು ಕೈ ಎದ್ದವು, ಎರಡೂ ಬಲಗೈ. ಉಳಿದವರು ಪುಸ್ತಕದಲ್ಲಿ ಮುಖ ಹುದುಗಿಸಿದರು. ಇದು ತನ್ನ ನಿಜವಾದ ಕ್ಲಾಸು. ಇಷ್ಟು ವರ್ಷ ಇದೇ ಇತ್ತು, ಇದರಲ್ಲಿ ಅವಳಿಗೆ ದುಃಖವೂ ಇರಲಿಲ್ಲ. ನಿನ್ನೆಯ ಒಂದು ಕ್ಷಣ ಇದನ್ನೆಲ್ಲ ಹಾಳುಮಾಡಿತು. ಕರಿಹಲಗೆಯ ಕಡೆ ತಿರುಗಿದಾಗ ಹಿಂದಿನಿಂದ ಯಾರೋ ಮೆಲ್ಲಗೆ, "ಎಲುಬಿನ ಸಾರು, ಒಂದು ಬಟ್ಟಲು!" ಎಂದರು. ನಗೆ ಬೆಂಚಿನಿಂದ ಬೆಂಚಿಗೆ ಹರಿದು ಪೊರಕೆಯ ಕಪಾಟಿನ ತನಕ ಹೋಯಿತು. ರುಯಿ ತನ್ನ ಮನೆಯ ವಿಷಯವನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ, ಅಂಗಡಿ ಶಾಲೆಯಿಂದ ದೂರದಲ್ಲಿರುವುದೇ ಅವಳ ಪುಣ್ಯವಾಗಿತ್ತು ಎಂಬುದು ಆಗ, ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಂತಾಗ, ನೆರಿಸ್‌ಗೆ ಹೊಳೆಯಿತು. ತಿರುಗಿ ಗದರಬೇಕಿತ್ತು. ಗದರಿದರೆ ಅದು ಇನ್ನೂ ದೊಡ್ಡದಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಬರೆಯುವುದನ್ನು ಮುಂದುವರಿಸಿದಳು. ನಿಜವೆಂದರೆ ತಿರುಗಿ ರುಯಿಯ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಗಂಟೆ ಹೊಡೆದಾಗ ರುಯಿ ಎಲ್ಲರಿಗಿಂತ ಮೊದಲು ಚೀಲ ಎತ್ತಿಕೊಂಡು ಹೊರಟುಹೋದಳು.

ಸಂಜೆ ನೆರಿಸ್ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಓಣಿಗೇ ಬಂದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಜ್ಜಿ ನಾಳೆಯ ಎಲುಬುಗಳನ್ನು ತೊಳೆಯುತ್ತಿದ್ದಳು. ರುಯಿ ಮೇಜಿನ ಮೇಲೆ ಬೆಳ್ಳುಳ್ಳಿ ಹರವಿಕೊಂಡು ಸುಲಿಯುತ್ತಿದ್ದಳು. ನೆರಿಸ್ ಎದುರಿಗೆ ಕೂತು ತಾನೂ ಒಂದು ಗಡ್ಡೆ ಎತ್ತಿಕೊಂಡಳು. ಹಿಂದೆಲ್ಲ ಹಾಗೆ ಕೂತಾಗ, ಉಗುರಲ್ಲಿ ಹಾಗೆ ಚುಚ್ಚಬೇಡಿ ಮೇಡಂ ಎಂದು ಬೈಸಿಕೊಳ್ಳುತ್ತಿದ್ದಳು. ಇವತ್ತು ಬೈಗುಳಕ್ಕಾಗಿ ಕಾದಳು. ಸುಟ್ಟ ಬೆರಳಿಗೆ ಬೆಳ್ಳುಳ್ಳಿಯ ರಸ ತಾಗಿ ಚುರುಗುಟ್ಟುತ್ತಿತ್ತು. "ಎಲ್ಲರ ಮುಂದೆ ಅಂಗಡಿ ವಿಷಯ ಎತ್ತಬಾರದಿತ್ತು. ತಪ್ಪಾಯ್ತು ರುಯಿ" ಎಂದಳು ಕೊನೆಗೆ. "ಅದಿರ್ಲಿ" ಎಂದಳು ರುಯಿ ತಲೆ ಎತ್ತದೆ. "ಒಂದು ಮಾತು ಕೇಳ್ತೀನಿ. ಎಡಗೈ ಅಂತ ಗೊತ್ತಿದ್ದೂ ಯಾಕೆ ಕರೆದ್ರಿ?"

"ಗೊತ್ತಿದ್ದೂ?"

"ನೆರಿಸ್ ಮೇಡಂಗೆ ಎಲ್ಲಾ ಗೊತ್ತಿದೆ, ಎಡಗೈಯವರನ್ನ ಅವರು ಕರೆಯೋದೇ ಇಲ್ಲ, ಹೆದ್ರಬೇಡಿ ಅಂತ ಫಾಂಗ್ ಮೇಡಂ ಹೇಳಿದ್ರು. ನಾನು ನಿಮ್ಮನ್ನ ನಂಬ್ಕೊಂಡು ಕೈ ಎತ್ತಿದೆ. ಇಲ್ದಿದ್ರೆ ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕ್ತಾ ಕೂತಿರ್ತಿದ್ದೆ. ನೀವು ನನ್ನ ಕೈನೇ ನೋಡಿದ್ರಿ, ನಕ್ರಿ, ಆಮೇಲೆ ಕರೆದ್ರಿ. ರಾತ್ರಿಯೆಲ್ಲಾ ಯೋಚ್ನೆ ಮಾಡಿದೆ, ನಾನು ಇವರಿಗೇನು ಮಾಡಿದೆ ಅಂತ."

ಓ, ಇದಾ! ನೆರಿಸ್‌ಳ ಎದೆ ಹಗುರಾಯಿತು. ಅಷ್ಟು ನೋವಿನಲ್ಲೂ ನಾಚಿಕೆಯಿಲ್ಲದೆ ಹಗುರಾಯಿತು. ಇಬ್ಬರಿಗೂ ಮೋಸ ಮಾಡಿದವಳು ಒಬ್ಬಳೇ, ತಾನೂ ಈ ಮಗುವೂ ಒಂದೇ ಕಡೆಯವರು, ಬಾಯಿಬಿಟ್ಟು ಹೇಳಿಬಿಟ್ಟರೆ ಮುಗಿಯಿತು. ಹೇಳಿದರೆ ಫಾಂಗ್ ಮಿನ್ ಸುಳ್ಳುಗಾತಿಯಾಗುತ್ತಾಳೆ. ಆಗಲಿ! "ರುಯಿ, ಇಲ್ಲಿ ನೋಡು. ನಂಗೆ ಯಾರೂ ಹೇಳಿರ್ಲಿಲ್ಲ. ಎಡಗೈ ಬಲಗೈ ಯಾವುದೂ ಗೊತ್ತಿರ್ಲಿಲ್ಲ. ನಿಂಗೆ ಉತ್ತರ ಗೊತ್ತಿದೆ, ಅದಕ್ಕೇ ಕೈ ಎತ್ತಿದ್ದೀಯ ಅಂದ್ಕೊಂಡೆ, ನನ್ನಾಣೆಗೂ."

"ಸುಮ್ನೆ ಹೇಳ್ಬೇಡಿ. ಅದು ಯಾರಿಗೆ ಗೊತ್ತಿಲ್ಲ?" ರುಯಿ ಈಗ ತಲೆ ಎತ್ತಿದ್ದಳು. "ಒಂದನೇ ಕ್ಲಾಸಿನ ಮಕ್ಳಿಗೂ ಗೊತ್ತು. ನಮ್ಮಜ್ಜಿಗೂ ಗೊತ್ತು, ಅಜ್ಜಿ ಶಾಲೆ ಮೆಟ್ಟಿಲನ್ನೇ ಹತ್ತಿದವಳಲ್ಲ. ನೀವು ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ!"

"ನಂಗೆ ಗೊತ್ತಿರ್ಲಿಲ್ಲ" ಎಂದಳು ನೆರಿಸ್ ಮತ್ತೆ. ಆ ಮಾತು ಎರಡನೆಯ ಸಲಕ್ಕೆ ಅವಳ ಕಿವಿಗೇ ಬೇರೆಯಾಗಿ ಕೇಳಿಸಿತು.

ಅಜ್ಜಿ ಎಲುಬಿನ ಪಾತ್ರೆಯಿಂದ ಕೈ ತೆಗೆದು ಅವಳನ್ನು ನೋಡಿದಳು. ಬೆಳಗಿನ ಬಿಗುಪೆಲ್ಲ ಇಳಿದು ಮುದುಕಿಯ ಮುಖ ಸಡಿಲವಾಯಿತು. "ಅಯ್ಯೋ, ಬಿಡೇ ರುಯಿ, ಅವಳಿಗೇನ್ ಗೊತ್ತಾಗತ್ತೆ ಪಾಪ, ಹೊರಗಿನವಳು. ನೀನೊಬ್ಳು ಸುಮ್ನೆ ಅತ್ತು ಕರೆದು ರಂಪ ಮಾಡ್ದೆ" ಎಂದಳು. ನೆರಿಸ್ ರುಯಿಯ ಮುಖವನ್ನೇ ನೋಡುತ್ತಿದ್ದಳು. ಹುಬ್ಬಿನ ಗಂಟು ಬಿಚ್ಚಿಕೊಂಡಿತು, ತುಟಿ ನಡುಗುವುದು ನಿಂತಿತು, ಸಿಟ್ಟು ನೋಡನೋಡುತ್ತಿದ್ದಂತೆ ಇಳಿಯಿತು. ಬೆಳಗಿನಿಂದ ನೆರಿಸ್ ಬೇಡಿಕೊಂಡದ್ದು ಇದನ್ನೇ. ಆದರೆ ಅದು ಇಳಿದ ಜಾಗಕ್ಕೆ ಬಂದದ್ದನ್ನು ನೆರಿಸ್ ಗುರುತು ಹಿಡಿದಳು, ದಿನವೂ ನೋಡುವ ಮುಖಭಾವ ಅದು, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಲಿಫ್ಟಿನಲ್ಲಿ. ರುಯಿ ಎದ್ದು ನಿಂತಳು. ನೆರಿಸ್‌ಳ ಕೈಯಿಂದ ಅರ್ಧ ಸುಲಿದ ಬೆಳ್ಳುಳ್ಳಿಯನ್ನು ಮೃದುವಾಗಿ ಬಿಡಿಸಿಕೊಂಡಳು, ಅವಳ ಮುಂದಿನ ಸಿಪ್ಪೆಯನ್ನೆಲ್ಲ ಬಟ್ಟೆಯಿಂದ ಒರೆಸಿದಳು, ಡಬ್ಬಿಯಿಂದ ಒಂದು ಜೊತೆ ಚಾಪ್‌ಸ್ಟಿಕ್ ತೆಗೆದು ಎರಡೂ ಕೈಯಿಂದ ಅವಳ ಮುಂದಿಟ್ಟಳು. ಆಮೇಲೆ ಊರ ಮಾತನ್ನು ಬಿಟ್ಟು ಪುಸ್ತಕದ ಮಾತಿನಲ್ಲಿ, ಒಂದೊಂದೇ ಪದವನ್ನು ಬಿಡಿಸಿ, ಸ್ವಲ್ಪ ಗಟ್ಟಿಯಾಗಿ ಹೇಳಿದಳು:

"ಪರವಾಗಿಲ್ಲ, ಮೇಡಂ. ಬೇಸರ ಮಾಡಿಕೊಳ್ಳಬೇಡಿ. ನೀವು ನಮ್ಮ ಭಾಷೆಯನ್ನು ತುಂಬಾ ಚೆನ್ನಾಗಿ ಮಾತನಾಡುತ್ತೀರಿ."

ಬೇಡ ರುಯಿ, ಅದೊಂದು ಬೇಡ, ಬೈಯಿ ಬೇಕಾದರೆ, ಎನ್ನಲು ನೆರಿಸ್ ಬಾಯಿ ತೆರೆದಳು. "ಎಲ್ಲಿ ಬಂತು" ಎಂದಿತು ಬಾಯಿ. "ಇನ್ನೂ ಕಲಿಯೋದು ಬೇಕಾದಷ್ಟಿದೆ."